ಹಳೆಯ ಆಟಕ್ಕೆ ಎಂಥ ಕಂಪ್ಯೂಟರ್ ಬೇಕು?

'ಸೂಪರ್ ಮಾರಿಯೋ ಬ್ರದರ್ಸ್' ಆಟದ ಒಟ್ಟು ಗಾತ್ರ 40 ಕಿಲೋಬೈಟ್. ಮದುವೆ ಮನೆಯಲ್ಲಿ ಮೊಬೈಲಿನಿಂದ ತೆಗೆದ ಒಂದು ಫೋಟೋ ಹಿಡಿಯುವ ಜಾಗದಲ್ಲಿ ಅಂಥ ಐವತ್ತು ಮಾರಿಯೋಗಳನ್ನು ತುಂಬಬಹುದು. ಆ ಆಟ ಓಡುತ್ತಿದ್ದ ನಿಂಟೆಂಡೋ ಯಂತ್ರ ಜಪಾನಿನಲ್ಲಿ 'ಫ್ಯಾಮಿಕಾಮ್' ಎಂಬ ಹೆಸರಿನಿಂದ 1983ರಲ್ಲಿ ಮಾರುಕಟ್ಟೆಗೆ ಬಂತು. ಅದರ ಪ್ರೊಸೆಸರ್ ವೇಗ 1.79 ಮೆಗಾಹರ್ಟ್ಸ್, ಕೆಲಸಕ್ಕೆಂದು ಇದ್ದ ಮೆಮೊರಿ ಬರೀ 2 ಕಿಲೋಬೈಟ್. ಇಷ್ಟು ಕೇಳಿದವರು ಹಳೆಯ ವಿಡಿಯೋ ಗೇಮ್ ಆಡಲು ಮೂಲೆಯಲ್ಲಿ ದೂಳು ಹಿಡಿದ ಯಾವ ಕಂಪ್ಯೂಟರ್ ಆದರೂ ಸಾಕು ಅಂದುಕೊಳ್ಳುತ್ತಾರೆ. ಮಾರಿಯೋಗೆ ಸಾಕು. ಆದರೆ ಹಳೆಯ ಆಟ ಎಂದರೆ ಮಾರಿಯೋ ಒಂದೇ ಅಲ್ಲವಲ್ಲ.

1990ರಲ್ಲಿ ಬಂದ ಸೂಪರ್ ನಿಂಟೆಂಡೋ ತೆಗೆದುಕೊಳ್ಳಿ. ಅದರ ಪ್ರೊಸೆಸರ್ ಗರಿಷ್ಠ 3.58 ಮೆಗಾಹರ್ಟ್ಸ್ ವೇಗದ್ದು. ಆ ಯಂತ್ರವನ್ನು ಎಳ್ಳಷ್ಟೂ ವ್ಯತ್ಯಾಸವಿಲ್ಲದೆ ಅನುಕರಿಸಲು ಹೊರಟ 'ಬಿಎಸ್‌ನೆಸ್' ಎಂಬ ಎಮ್ಯುಲೇಟರ್‌ನ ಕರ್ತೃ ನಿಯರ್, ಈ ಕೆಲಸಕ್ಕೆ 3 ಗಿಗಾಹರ್ಟ್ಸ್ ಪ್ರೊಸೆಸರ್ ಏಕೆ ಬೇಕು ಎಂದು 2011ರಲ್ಲಿ ದೀರ್ಘ ಲೇಖನವನ್ನೇ ಬರೆದರು. ಮೂಲ ಯಂತ್ರದ ಎಂಟುನೂರು ಪಟ್ಟಿಗೂ ಹೆಚ್ಚು ವೇಗ! ಅದೇ ಆಟಗಳನ್ನು ತೊಂಬತ್ತರ ದಶಕದ ಪೆಂಟಿಯಮ್ ಕಂಪ್ಯೂಟರಿನಲ್ಲೇ 'ಜಡ್‌ಸ್ನೆಸ್' ಎಮ್ಯುಲೇಟರ್ ಓಡಿಸುತ್ತಿತ್ತು ಎಂಬುದೂ ನಿಜ. ವ್ಯತ್ಯಾಸ ಇರುವುದು ಪ್ರಾಮಾಣಿಕತೆಯಲ್ಲಿ. ಹಳೆಯ ಎಮ್ಯುಲೇಟರ್‌ಗಳು ಕಂಡಲ್ಲೆಲ್ಲ ಒಳದಾರಿ ಹಿಡಿಯುತ್ತಿದ್ದವು. ಹೆಚ್ಚಿನ ಆಟಗಳಲ್ಲಿ ಅದು ಗೊತ್ತೇ ಆಗುತ್ತಿರಲಿಲ್ಲ. ಆದರೆ 'ಏರ್ ಸ್ಟ್ರೈಕ್ ಪ್ಯಾಟ್ರೋಲ್' ಆಟದಲ್ಲಿ ವಿಮಾನದ ಕೆಳಗೆ ಕಾಣಬೇಕಾದ ನೆರಳು ಮಾಯವಾಗುತ್ತಿತ್ತು. 'ಸ್ಪೀಡಿ ಗೊನ್ಸಾಲಿಸ್' ಆಟದ ಕೊನೆಯ ಹಂತಗಳಲ್ಲಿ ಒಂದು ಗುಂಡಿ ಒತ್ತಿದೊಡನೆ ಆಟ ಅಲ್ಲಾಡದೆ ನಿಂತುಬಿಡುತ್ತಿತ್ತು. ಅಷ್ಟು ದೂರ ಆಡಿ ಬಂದವನ ಪಾಡು ಯಾರಿಗೆ ಬೇಕು!

ಎಮ್ಯುಲೇಟರ್ ಮಾಡುವ ಕೆಲಸ ಏಕಪಾತ್ರಾಭಿನಯದ ನಟನದ್ದು. ಮೂಲ ಕನ್ಸೋಲಿನಲ್ಲಿ ಚಿತ್ರಕ್ಕೊಂದು ಚಿಪ್, ಧ್ವನಿಗೊಂದು ಚಿಪ್, ಲೆಕ್ಕಕ್ಕೊಂದು ಚಿಪ್ ಏಕಕಾಲಕ್ಕೆ ದುಡಿಯುತ್ತವೆ. ಕಂಪ್ಯೂಟರಿನಲ್ಲಿ ಒಬ್ಬನೇ ನಟ ಆ ಎಲ್ಲ ವೇಷಗಳನ್ನೂ ಸೆಕೆಂಡಿಗೆ ಲಕ್ಷಾಂತರ ಸಲ ಬದಲಿಸುತ್ತ, ಯಾರ ಮಾತೂ ತಪ್ಪದಂತೆ ನೋಡಿಕೊಳ್ಳಬೇಕು. ಪಾತ್ರಗಳು ಒಂದರ ಮೇಲೊಂದು ಅವಲಂಬಿಸಿರುವುದರಿಂದ ಕೆಲಸವನ್ನು ನಾಲ್ಕು ಜನರಿಗೆ ಹಂಚುವುದೂ ಕಷ್ಟ. ಎಂಟು ಕೋರ್, ಹದಿನಾರು ಕೋರ್ ಎಂದು ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ ಬರೆದಿದ್ದರೂ ಹೆಚ್ಚಿನ ಎಮ್ಯುಲೇಟರ್‌ಗಳಿಗೆ ಮುಖ್ಯವಾಗುವುದು ಒಂದೇ ಕೋರ್ ಎಷ್ಟು ಚುರುಕು ಎಂಬುದು.

ಹಾಗಾಗಿ ಅಂಗಡಿಗೆ ಹೋಗುವ ಮೊದಲೇ ತೀರ್ಮಾನ ಆಗಬೇಕಾದ್ದು ಬಜೆಟ್ ಅಲ್ಲ, ಯಾವ ಕನ್ಸೋಲಿನ ಆಟ ಎಂಬುದು. ಅದು ಗೊತ್ತಾದರೆ ಉಳಿದ ಅರ್ಧ ಖರ್ಚು ತಾನಾಗಿ ಬಿದ್ದುಹೋಗುತ್ತದೆ.

ನಿಂಟೆಂಡೋ, ಸೇಗಾ ಮೆಗಾ ಡ್ರೈವ್, ಗೇಮ್ ಬಾಯ್, ಗೇಮ್ ಬಾಯ್ ಅಡ್ವಾನ್ಸ್ ಇಷ್ಟೇ ಸಾಕು ಎನ್ನುವವರು ಹೊಸದೇನನ್ನೂ ಕೊಳ್ಳಬೇಕಾಗಿಲ್ಲ. ಮನೆಯಲ್ಲಿರುವ ಹತ್ತು ವರ್ಷದ ಲ್ಯಾಪ್‌ಟಾಪ್, ಅಷ್ಟೇಕೆ, ಕೈಯಲ್ಲಿರುವ ಮೊಬೈಲೂ ಇವನ್ನು ನಿದ್ದೆಗಣ್ಣಿನಲ್ಲೇ ಓಡಿಸುತ್ತದೆ. ಇಂದಿನ ಪ್ರೊಸೆಸರ್‌ಗಳಲ್ಲಿ ಬಿಎಸ್‌ನೆಸ್ ಕೂಡ ಭಾರವಲ್ಲ. 1994ರ ಪ್ಲೇಸ್ಟೇಷನ್‌ನ ಪ್ರೊಸೆಸರ್ 34 ಮೆಗಾಹರ್ಟ್ಸ್ ಆಸುಪಾಸಿನದು, ಮುಖ್ಯ ಮೆಮೊರಿ 2 ಮೆಗಾಬೈಟ್. ಅದೂ ಈಗ ಹಗುರವೇ. 'ಡಕ್‌ಸ್ಟೇಷನ್' ಎಮ್ಯುಲೇಟರ್ ಸಾಧಾರಣ ಲ್ಯಾಪ್‌ಟಾಪಿನಲ್ಲೂ ಅದರ ಚಿತ್ರವನ್ನು ಮೂಲಕ್ಕಿಂತ ಹಲವು ಪಟ್ಟು ನಿಚ್ಚಳವಾಗಿ ತೋರಿಸುತ್ತದೆ.

ವಯಸ್ಸು ನೋಡಿ ಭಾರ ಅಳೆಯುವವರು ಎಡವುವುದು ಮುಂದಿನ ಮೆಟ್ಟಿಲಲ್ಲಿ. ಪ್ಲೇಸ್ಟೇಷನ್ ಬಂದ ವರ್ಷವೇ ಬಂದ ಸೇಗಾ ಸ್ಯಾಟರ್ನ್‌ನಲ್ಲಿ ಹಿಟಾಚಿ ಕಂಪನಿಯ ಎರಡು ಪ್ರೊಸೆಸರ್‌ಗಳು ಜೋಡಿಯಾಗಿ ದುಡಿಯುತ್ತವೆ, ಜೊತೆಗೆ ಚಿತ್ರಕ್ಕೇ ಎರಡು ಚಿಪ್‌ಗಳು. ಅವುಗಳ ತಾಳಮೇಳ ಹಿಡಿಯುವುದು ಎಷ್ಟು ತ್ರಾಸದ ಕೆಲಸವೆಂದರೆ, ಅದರ ಎಮ್ಯುಲೇಟರ್‌ಗಳು ಪ್ಲೇಸ್ಟೇಷನ್ ಎಮ್ಯುಲೇಟರ್‌ಗಳಿಗಿಂತ ವರ್ಷಗಟ್ಟಲೆ ಹಿಂದೆ ಉಳಿದವು. 1996ರ ನಿಂಟೆಂಡೋ 64 ಕೂಡ ಇದೇ ಜಾತಿಯ ಹಠಮಾರಿ. 1999ರಲ್ಲಿ 'ಅಲ್ಟ್ರಾಎಚ್‌ಎಲ್‌ಇ' ಅದನ್ನು ಮನೆ ಕಂಪ್ಯೂಟರಿನಲ್ಲಿ ಓಡಿಸಿ ಜನರನ್ನು ಬೆರಗುಗೊಳಿಸಿತ್ತು. ಆದರೆ ಅದು ಓಡಿಸಿದ್ದು ಕೆಲವೇ ಆಟಗಳನ್ನು, ಅದೂ ಒಳದಾರಿಗಳಿಂದ. ಎಲ್ಲ ಆಟಗಳೂ ಮೂಲದಂತೆ ಕಾಣಬೇಕೆಂದರೆ ಈಗ 'ಪ್ಯಾರಲೆಲ್ ಆರ್‌ಡಿಪಿ' ಎಂಬ ವಿಧಾನವಿದೆ. ಅದಕ್ಕೆ 'ವಲ್ಕನ್' ಎಂಬ ಗ್ರಾಫಿಕ್ಸ್ ವ್ಯವಸ್ಥೆ ಅರ್ಥವಾಗುವ ಕಂಪ್ಯೂಟರ್ ಬೇಕು. ಈ ವಲ್ಕನ್ ಹೆಸರು ನೆನಪಿರಲಿ, ಖರೀದಿಯ ಹೊತ್ತಿಗೆ ಮತ್ತೆ ಬೇಕಾಗುತ್ತದೆ.

ಭಾರತದ ಓದುಗರಿಗೆ ಹೆಚ್ಚು ಹತ್ತಿರದ್ದು ಪ್ಲೇಸ್ಟೇಷನ್ 2. ಜಗತ್ತಿನಲ್ಲಿ 15 ಕೋಟಿಗೂ ಹೆಚ್ಚು ಮಾರಾಟವಾದ ಈ ಯಂತ್ರ 2000ದಲ್ಲಿ ಬಂದರೂ ನಮ್ಮಲ್ಲಿ ಅದರ ಸುಗ್ಗಿ ಬಂದದ್ದು ನಿಧಾನಕ್ಕೆ. ಹೈದರಾಬಾದಿನ ಅರೋನಾ ಟೆಕ್ನಾಲಜೀಸ್ 'ಹನುಮಾನ್: ಬಾಯ್ ವಾರಿಯರ್' ಎಂಬ ಆಟವನ್ನು ಇದೇ ಯಂತ್ರಕ್ಕೆಂದು ತಯಾರಿಸಿದ್ದು 2009ರಲ್ಲಿ. ಅಷ್ಟೊತ್ತಿಗೆ ಪ್ಲೇಸ್ಟೇಷನ್ 3 ಬಂದು ಮೂರು ವರ್ಷವಾಗಿತ್ತು. ಪಿಎಸ್2 ಎಮ್ಯುಲೇಟರ್ 'ಪಿಸಿಎಸ್‌ಎಕ್ಸ್2' ಇಪ್ಪತ್ತು ವರ್ಷಕ್ಕೂ ಹಳೆಯ ಯೋಜನೆ. 2024ರ ಜುಲೈನಲ್ಲಿ ಬಂದ ಅದರ 2.0 ಆವೃತ್ತಿಯ ನಂತರ ಬಳಕೆಯೂ ಸಲೀಸಾಗಿದೆ. ಇಲ್ಲಿಂದ ಮುಂದೆ ಮಾತ್ರ ಯಂತ್ರದ ಆಯ್ಕೆ ನಿಜಕ್ಕೂ ಲೆಕ್ಕಕ್ಕೆ ಬರುತ್ತದೆ. 'ಶ್ಯಾಡೋ ಆಫ್ ದಿ ಕೊಲೊಸಸ್' ಮೂಲ ಯಂತ್ರವನ್ನೇ ಏದುಸಿರು ಬಿಡಿಸಿದ ಆಟ. ಅದು ಎಮ್ಯುಲೇಟರ್‌ಗೂ ಭಾರ. ನಿಂಟೆಂಡೋದ ಗೇಮ್‌ಕ್ಯೂಬ್ ಮತ್ತು ವೀ ಎರಡನ್ನೂ ಓಡಿಸುವ 'ಡಾಲ್ಫಿನ್' ಸರಾಸರಿಯಲ್ಲಿ ಪಿಸಿಎಸ್‌ಎಕ್ಸ್2ಗಿಂತ ನಯ. ಆದರೆ 'ರೋಗ್ ಲೀಡರ್' ತರಹದ ಆಟ ಬಂದರೆ ಅದೂ ಬೆವರುತ್ತದೆ.

ಪಿಎಸ್2 ಮತ್ತು ಗೇಮ್‌ಕ್ಯೂಬ್‌ವರೆಗೆ ಸಾಕೆನ್ನುವವರಿಗೆ ಅತ್ಯುತ್ತಮ ಮಾಲು ಹೊಸ ಪೆಟ್ಟಿಗೆಯಲ್ಲಿಲ್ಲ. ಬೆಂಗಳೂರಿನ ಎಸ್‌.ಪಿ. ರೋಡ್‌ನಲ್ಲಿ, ಬೇರೆ ಊರುಗಳ ಸೆಕೆಂಡ್ ಹ್ಯಾಂಡ್ ಕಂಪ್ಯೂಟರ್ ಅಂಗಡಿಗಳಲ್ಲಿ, ಕಚೇರಿಗಳು ಬಳಸಿ ಬಿಟ್ಟ ಡೆಲ್ ಆಪ್ಟಿಪ್ಲೆಕ್ಸ್, ಎಚ್‌ಪಿ ಎಲೈಟ್‌ಡೆಸ್ಕ್, ಲೆನೊವೊ ಥಿಂಕ್‌ಸೆಂಟರ್‌ಗಳು ಸಾಲುಸಾಲಾಗಿ ಸಿಗುತ್ತವೆ. ಇವು ವರ್ಷಗಟ್ಟಲೆ ಎಕ್ಸೆಲ್ ಹಾಳೆ ತೆರೆದು ಮುಚ್ಚಿ ಬಂದವು, ಹೆಚ್ಚು ಬಿಸಿಯಾಗಿ ದಣಿದವಲ್ಲ. ಆದರೆ ನೋಡಿ ಕೊಳ್ಳಬೇಕು. ಇಂಟೆಲ್ ಪ್ರೊಸೆಸರಿನ ಹೆಸರಿನಲ್ಲಿ ಅಡ್ಡಗೆರೆಯ ನಂತರದ ಅಂಕಿ ಪೀಳಿಗೆಯನ್ನು ಹೇಳುತ್ತದೆ: ಐ5-4570 ಎಂದರೆ ನಾಲ್ಕನೆಯದು, ಐ5-6500 ಎಂದರೆ ಆರನೆಯದು, ಐ5-10400 ಎಂದರೆ ಹತ್ತನೆಯದು. 'ಎವಿಎಕ್ಸ್2' ಎಂಬ ಆದೇಶಗಳ ಗುಚ್ಛ ಇಂಟೆಲ್ ಕೋರ್ ಸಾಲಿಗೆ ಬಂದದ್ದು 2013ರ ನಾಲ್ಕನೆಯ ಪೀಳಿಗೆಯಲ್ಲಿ. ಪಿಎಸ್2ನ ಗಣಿತವನ್ನು ಬೇಗ ಮುಗಿಸಲು ಇದರಿಂದ ಅನುಕೂಲ. ವಿಂಡೋಸ್‌ನಲ್ಲಿ ಇಂಟೆಲ್‌ನ ಒಳಗಿನ ಗ್ರಾಫಿಕ್ಸ್‌ಗೆ ವಲ್ಕನ್ ಸಿಕ್ಕಿದ್ದು ಆರನೆಯ ಪೀಳಿಗೆಯಿಂದ. ಆದ್ದರಿಂದ ಆರಕ್ಕಿಂತ ಕೆಳಗಿಳಿಯದಿರುವುದು ಲೇಸು. ಎಂಟನೆಯ ಪೀಳಿಗೆಯ ಐ5-8500 ಸಿಕ್ಕರೆ ಆರು ಕೋರ್, 4.1 ಗಿಗಾಹರ್ಟ್ಸ್‌ವರೆಗೆ ಏರುವ ವೇಗ. ಕಾಸಿಗೆ ತಕ್ಕ ಕಜ್ಜಾಯ ಎಂದರೆ ಇದೇ. ಎಎಂಡಿಯ ರೈಜನ್ ಸಾಲಿನಲ್ಲಿ ಯಾವುದು ಕೊಂಡರೂ ಎವಿಎಕ್ಸ್2 ಇದ್ದೇ ಇರುತ್ತದೆ.

ಒಂದು ಬಲೆ ಇದೆ. ಅದೇ ಪೀಳಿಗೆಯ ಪೆಂಟಿಯಮ್, ಸೆಲೆರಾನ್ ಹೆಸರಿನ ಅಗ್ಗದ ಚಿಪ್‌ಗಳಲ್ಲಿ ಇಂಟೆಲ್ ಬಹುಕಾಲ ಎವಿಎಕ್ಸ್ ಸೌಲಭ್ಯವನ್ನು ಮುಚ್ಚಿಟ್ಟಿತ್ತು. ಹೊರಗಿನಿಂದ ನೋಡಿದರೆ ಪೆಟ್ಟಿಗೆ ಒಂದೇ ಥರ, ಗಿಗಾಹರ್ಟ್ಸೂ ಹೆಚ್ಚುಕಡಿಮೆ ಒಂದೇ. ಅಂಗಡಿಯಲ್ಲೇ 'ಸಿಪಿಯು-ಜಡ್' ಎಂಬ ಉಚಿತ ತಂತ್ರಾಂಶ ತೆರೆದರೆ ಎರಡು ನಿಮಿಷದಲ್ಲಿ ಬಂಡವಾಳ ಬಯಲಾಗುತ್ತದೆ. ಪ್ರೊಸೆಸರ್ ಬಲ್ಲ ಆದೇಶಗಳ ಪಟ್ಟಿಯಲ್ಲಿ ಎವಿಎಕ್ಸ್2 ಇದೆಯೇ, ಮೆಮೊರಿ ಒಂಟಿ ಚಾನೆಲ್‌ನಲ್ಲಿದೆಯೇ ಜೋಡಿ ಚಾನೆಲ್‌ನಲ್ಲಿದೆಯೇ ಎಂಬುದು ಅಲ್ಲಿ ಕಾಣುತ್ತದೆ.

ಈ ಎರಡನೆಯದನ್ನು ಬಹಳ ಜನ ಕಡೆಗಣಿಸುತ್ತಾರೆ. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಕಂಪ್ಯೂಟರಿನಲ್ಲಿ ಚಿತ್ರದ ಕೆಲಸಕ್ಕೂ ಅದೇ ರ್ಯಾಮ್ ಬಳಕೆಯಾಗುತ್ತದೆ. 16 ಜಿಬಿಯ ಒಂದು ಪಟ್ಟಿಗಿಂತ 8 ಜಿಬಿಯ ಎರಡು ಪಟ್ಟಿ ಹಾಕಿದರೆ ರ್ಯಾಮ್‌ಗೆ ಹೋಗಿಬರುವ ದಾರಿ ಅಗಲವಾಗಿ ಆಟ ಎದ್ದು ಕಾಣುವಷ್ಟು ಚುರುಕಾಗುತ್ತದೆ. ಗ್ರಾಫಿಕ್ಸ್ ಕಾರ್ಡೇ ಹಾಕಿಬಿಡೋಣ ಸಾರ್ ಎಂದು ಅಂಗಡಿಯವರು ಹೇಳುವುದು ಸಹಜ, ಅವರ ವ್ಯಾಪಾರ ಅದು. ಆದರೆ ದುಬಾರಿ ಕಾರ್ಡ್ ಹಾಕಿದ ಮಾತ್ರಕ್ಕೆ ನಿಧಾನ ಪ್ರೊಸೆಸರಿನ ಮೇಲೆ ಕುಂಟುವ ಆಟ ನೆಟ್ಟಗಾಗುವುದಿಲ್ಲ. ಕಾರ್ಡ್ ಬೇಕಾಗುವುದು ಚಿತ್ರವನ್ನು ಹಿಗ್ಗಿಸಿ ನೋಡಬೇಕೆಂಬ ಆಸೆಯಿದ್ದರೆ. ಪಿಎಸ್2 ಆಟಗಳ ಮೂಲ ಚಿತ್ರ ಸುಮಾರು 640 ಬೈ 448 ಚುಕ್ಕಿಗಳದ್ದು. ಅದನ್ನು ಮೂರು ಪಟ್ಟು ಹೆಚ್ಚಿಸಿದರೆ ಫುಲ್ ಎಚ್‌ಡಿ ಟಿವಿಗೆ ಸರಿಹೊಂದುತ್ತದೆ. ಅಷ್ಟಕ್ಕೆ ಸೆಕೆಂಡ್ ಹ್ಯಾಂಡ್‌ನಲ್ಲಿ ಸಿಗುವ ಜಿಟಿಎಕ್ಸ್ 1050 ಮಟ್ಟದ ಕಾರ್ಡ್ ಧಾರಾಳ. ಸಣ್ಣ ಪೆಟ್ಟಿಗೆಯ ಕಚೇರಿ ಕಂಪ್ಯೂಟರ್ ಆದರೆ ಕಾರ್ಡ್ ಗಿಡ್ಡ ಮಾದರಿಯದ್ದೇ ಆಗಬೇಕು, ಪವರ್ ಸಪ್ಲೈ ತಾಳುತ್ತದೆಯೇ ಎಂದೂ ಕೇಳಬೇಕು.

ಹೊಸದೇ ಬೇಕು, ಟಿವಿ ಪಕ್ಕ ಸದ್ದಿಲ್ಲದೆ ಕೂತಿರಬೇಕು ಎನ್ನುವವರ ಕಣ್ಣು ಅಂಗೈಯಗಲದ ಮಿನಿ ಪಿಸಿಗಳ ಮೇಲಿರುತ್ತದೆ. 2023ರಲ್ಲಿ ಬಂದ ಇಂಟೆಲ್ ಎನ್100 ಚಿಪ್ ಇರುವವು ಎಲ್ಲ ಕಡೆ ಸಿಗುತ್ತವೆ. ಕೇವಲ 6 ವ್ಯಾಟ್‌ ಮಟ್ಟದ ಈ ಚಿಪ್ ಪ್ಲೇಸ್ಟೇಷನ್ 1, ಡ್ರೀಮ್‌ಕಾಸ್ಟ್, ಪಿಎಸ್‌ಪಿಗಳಿಗೆ ಚೆನ್ನಾಗಿದೆ. ಪಿಎಸ್2ರಲ್ಲಿ ಹಗುರ ಆಟಗಳು ನಡೆಯುತ್ತವೆ, ಭಾರದವು ತಡವರಿಸುತ್ತವೆ. ರೈಜನ್ ಚಿಪ್ ಇರುವ ಮಿನಿ ಪಿಸಿಗೆ ಹಣ ಹೊಂದಿಸಬಹುದಾದರೆ ಆ ಚಿಂತೆ ಇರುವುದಿಲ್ಲ. ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿನ ಬಗ್ಗೆ ಇರುವ ಮೋಹ ಮಾತ್ರ ಈಗ ಸ್ವಲ್ಪ ಹಳತಾಯಿತು. 2019ರ ಪೈ 4 ಪ್ಲೇಸ್ಟೇಷನ್ 1ರವರೆಗೆ ಸೊಗಸಾಗಿ ಓಡುತ್ತದೆ. 2023ರ ಪೈ 5 ಇನ್ನಷ್ಟು ಗಟ್ಟಿ. ಆದರೆ ಪೆಟ್ಟಿಗೆ, ಫ್ಯಾನು, ಪವರ್ ಅಡಾಪ್ಟರ್, ಮೆಮೊರಿ ಕಾರ್ಡ್ ಎಲ್ಲ ಸೇರಿಸಿ ಲೆಕ್ಕ ಹಾಕಿದರೆ ಹಳೆಯ ಆಪ್ಟಿಪ್ಲೆಕ್ಸ್‌ನ ಹತ್ತಿರಕ್ಕೆ ಬರುತ್ತದೆ, ಶಕ್ತಿಯಲ್ಲಿ ಮಾತ್ರ ಹಿಂದೆ. ವೈರು ಕೂಡಿಸಿ, ಪುಟ್ಟ ಪೆಟ್ಟಿಗೆ ಮಾಡಿ ಖುಷಿಪಡುವವರಿಗೆ ಅದು ಈಗಲೂ ಒಳ್ಳೆಯ ಆಟಿಕೆ.

ಪ್ಲೇಸ್ಟೇಷನ್ 3 ಬೇರೆಯೇ ಲೋಕ. ಅದರ 'ಸೆಲ್' ಪ್ರೊಸೆಸರ್‌ನಲ್ಲಿ ಒಂದು ಮುಖ್ಯ ಕೋರ್, ಜೊತೆಗೆ ಆಟಗಳಿಗೆ ಸಿಗುವ ಆರು ಸಹಾಯಕ ಕೋರ್‌ಗಳು, ಎಲ್ಲವೂ 3.2 ಗಿಗಾಹರ್ಟ್ಸ್ ವೇಗದವು. ಇಲ್ಲಿ ಒಬ್ಬ ನಟ ಸಾಲದು, ಇಡೀ ಮೇಳವೇ ಬೇಕು. 2011ರಲ್ಲಿ ಶುರುವಾದ 'ಆರ್‌ಪಿಸಿಎಸ್3' ಎಮ್ಯುಲೇಟರ್‌ಗೆ ಆರು ಕೋರ್, ಹನ್ನೆರಡು ಥ್ರೆಡ್‌ಗಿಂತ ಕಡಿಮೆ ಇದ್ದರೆ ದೊಡ್ಡ ಆಟಗಳ ಆಸೆ ಬಿಡುವುದು ಒಳ್ಳೆಯದು. 'ಎವಿಎಕ್ಸ್-512' ಎಂಬ ಆದೇಶಗಳಿದ್ದರೆ ಅದಕ್ಕೆ ಗಣನೀಯ ಲಾಭ. ವಿಚಿತ್ರವೆಂದರೆ ಇಂಟೆಲ್ ತನ್ನ ಹನ್ನೆರಡನೆಯ ಪೀಳಿಗೆಯ ಡೆಸ್ಕ್‌ಟಾಪ್ ಚಿಪ್‌ಗಳಲ್ಲಿ ಅದನ್ನು ತೆಗೆದುಹಾಕಿತು, ಎಎಂಡಿ ತನ್ನ ರೈಜನ್ 7000 ಡೆಸ್ಕ್‌ಟಾಪ್ ಸಾಲಿನಲ್ಲಿ ಸೇರಿಸಿತು. ಈ ಒಂದು ಕೆಲಸಕ್ಕೆಂದೇ ಕಂಪ್ಯೂಟರ್ ಕಟ್ಟಿಸುವವರು ಆ ಕಡೆ ವಾಲುವುದಕ್ಕೆ ಕಾರಣವಿದೆ.

ಇನ್ನು ತಂತ್ರಾಂಶ. ಎಲ್ಲವನ್ನೂ ಒಂದೇ ಸೂರಿನಡಿ ತರುವ 'ರೆಟ್ರೋಆರ್ಚ್' ಬಹಳ ಪ್ರಸಿದ್ಧ. ಅದು ಸ್ವತಃ ಎಮ್ಯುಲೇಟರ್ ಅಲ್ಲ. ಒಂದೊಂದು ಕನ್ಸೋಲಿಗೆ ಒಂದೊಂದು 'ಕೋರ್' ಎಂಬ ತುಣುಕನ್ನು ಅದರೊಳಗೆ ಇಳಿಸಿಕೊಳ್ಳಬೇಕು: ನಿಂಟೆಂಡೋಗೆ ಮೆಸೆನ್, ಸೂಪರ್ ನಿಂಟೆಂಡೋಗೆ ಸ್ನೆಸ್9ಎಕ್ಸ್, ಮೆಗಾ ಡ್ರೈವ್‌ಗೆ ಜೆನೆಸಿಸ್ ಪ್ಲಸ್ ಜಿಎಕ್ಸ್, ಗೇಮ್ ಬಾಯ್ ಅಡ್ವಾನ್ಸ್‌ಗೆ ಎಂಜಿಬಿಎ. ಬಟನ್‌ಗಳನ್ನು ಒಂದು ಸಲ ಹೊಂದಿಸಿದರೆ ಎಲ್ಲಕ್ಕೂ ಆಯಿತು. ಮೆನು ಮಾತ್ರ ಸರ್ಕಾರಿ ಅರ್ಜಿಯ ನಮೂನೆಯನ್ನೂ ಮೀರಿಸುವಷ್ಟು ಜಟಿಲ. ಮೊದಲ ಸಂಜೆ ಅದರಲ್ಲೇ ಕಳೆಯುತ್ತದೆ ಎಂದು ಸಿದ್ಧರಾಗಿರಬೇಕು. ಪಿಎಸ್2, ಗೇಮ್‌ಕ್ಯೂಬ್, ಪಿಎಸ್3ಗಳಿಗೆ ರೆಟ್ರೋಆರ್ಚ್ ಬಿಟ್ಟು ಅವುಗಳದ್ದೇ ಸ್ವತಂತ್ರ ಎಮ್ಯುಲೇಟರ್ ಹಾಕಿಕೊಳ್ಳುವುದು ಜಾಣತನ, ಸುಧಾರಣೆಗಳು ಮೊದಲು ಬರುವುದು ಅಲ್ಲಿಗೇ. ಕಂಪ್ಯೂಟರನ್ನು ಆಟಕ್ಕೆಂದೇ ಮೀಸಲಿಡುವವರು ಪೆನ್‌ಡ್ರೈವ್‌ನಿಂದಲೇ ಓಡುವ 'ಬಾಟೋಸೆರಾ' ಪ್ರಯತ್ನಿಸಬಹುದು. ಹಾರ್ಡ್‌ಡಿಸ್ಕಿನ ವಿಂಡೋಸನ್ನು ಮುಟ್ಟದೆ ಅದು ಇಡೀ ಯಂತ್ರವನ್ನು ಕನ್ಸೋಲ್ ಥರ ಮಾಡಿಬಿಡುತ್ತದೆ. ಆರ್ಕೇಡ್ ಆಟಗಳಿಗೆ 1997ರಿಂದ ಇರುವ 'ಮೇಮ್' ಇದೆ. ಅದರ ಆವೃತ್ತಿಗೂ ಆಟದ ಕಡತಗಳ ಆವೃತ್ತಿಗೂ ತಾಳೆಯಾಗದಿದ್ದರೆ ಏನೂ ತೆರೆಯುವುದಿಲ್ಲ. ಹೊಸಬರ ಅರ್ಧ ತಲೆನೋವಿಗೆ ಕಾರಣ ಇದೊಂದೇ.

ಎಮ್ಯುಲೇಟರ್ ಯಾವುದಾದರೂ ಅದರ ಮೂಲ ತಾಣದಿಂದಲೇ ಇಳಿಸಿಕೊಳ್ಳಬೇಕು. ಇವೆಲ್ಲ ಉಚಿತ. ಹಣ ಕೇಳುವ, ಅಥವಾ 'ಪಿಎಸ್5 ಎಮ್ಯುಲೇಟರ್' ಎಂದು ಆಸೆ ತೋರಿಸುವ ಪುಟಗಳಲ್ಲಿ ಸಿಗುವುದು ವೈರಸ್ಸೇ ಹೊರತು ಆಟವಲ್ಲ.

ಎಲ್ಲ ಹೊಂದಿಸಿಯೂ ಏನೋ ಸರಿಯಿಲ್ಲ, ಮಾರಿಯೋ ಹಳ್ಳಕ್ಕೆ ಬೀಳುತ್ತಲೇ ಇದ್ದಾನೆ ಎನಿಸಿದರೆ ಕೈಯನ್ನು ಬೈಯುವ ಮೊದಲು ಟಿವಿಯನ್ನು ನೋಡಬೇಕು. ಇಂದಿನ ಎಲ್‌ಇಡಿ ಟಿವಿಗಳು ಚಿತ್ರವನ್ನು ಸುಂದರಗೊಳಿಸಲು ಒಳಗೊಳಗೇ ಕೆಲಸ ಮಾಡುತ್ತವೆ, ಅದಕ್ಕೆ ಸಮಯ ತೆಗೆದುಕೊಳ್ಳುತ್ತವೆ. ಸೆಕೆಂಡಿಗೆ 60 ಚಿತ್ರಗಳ ಆಟದಲ್ಲಿ ಒಂದು ಚಿತ್ರದ ಆಯುಷ್ಯ 16.7 ಮಿಲಿಸೆಕೆಂಡ್. ಟಿವಿಯೇ 80 ಮಿಲಿಸೆಕೆಂಡ್ ತಡ ಮಾಡಿದರೆ ಬಟನ್ ಒತ್ತಿದ ಮೇಲೆ ಐದು ಚಿತ್ರಗಳು ಕಳೆದಿರುತ್ತವೆ. ಸೆಟ್ಟಿಂಗ್ಸ್‌ನಲ್ಲಿ 'ಗೇಮ್ ಮೋಡ್' ಆನ್ ಮಾಡುವುದು ಬಿಡಿಗಾಸಿನ ಖರ್ಚಿಲ್ಲದ ಔಷಧ. ಬ್ಲೂಟೂತ್ ಸ್ಪೀಕರ್ ತೆಗೆದು ವೈರಿನದು ಹಾಕುವುದು ಇನ್ನೊಂದು. ರೆಟ್ರೋಆರ್ಚ್‌ನಲ್ಲಿ 2018ರಿಂದ 'ರನ್-ಅಹೆಡ್' ಎಂಬ ಚಮತ್ಕಾರವಿದೆ. ಆಟವನ್ನು ಗುಟ್ಟಾಗಿ ಒಂದೆರಡು ಚಿತ್ರ ಮುಂದಕ್ಕೆ ಓಡಿಸಿ, ಫಲಿತಾಂಶವನ್ನು ಈಗಲೇ ತೋರಿಸುವ ಉಪಾಯ ಅದು. ಮೂಲ ಯಂತ್ರದಲ್ಲಿದ್ದ ವಿಳಂಬವೂ ಇದರಿಂದ ಕರಗುತ್ತದೆ. ಪ್ರತಿ ಚಿತ್ರವನ್ನು ಎರಡು ಮೂರು ಸಲ ಲೆಕ್ಕ ಹಾಕಬೇಕಾದ್ದರಿಂದ ಪ್ರೊಸೆಸರಿನ ಕೆಲಸ ಆ ಪ್ರಮಾಣದಲ್ಲೇ ಏರುತ್ತದೆ. ಹಗುರ ಆಟಕ್ಕೂ ಚುರುಕು ಕೋರ್ ಇದ್ದರೆ ದಂಡವಲ್ಲ ಎನ್ನುವುದು ಇದಕ್ಕೇ.

ನಮ್ಮ ಕಡೆಯವರಿಗಷ್ಟೇ ಕಾಡುವ ಒಂದು ಗೊಂದಲವಿದೆ. ತೊಂಬತ್ತರ ದಶಕದಲ್ಲಿ ಕರ್ನಾಟಕದ ಮನೆಗಳಿಗೆ ಬಂದ 'ಟಿವಿ ವಿಡಿಯೋ ಗೇಮ್'ಗಳಲ್ಲಿ ಹೆಚ್ಚಿನವು ನಿಂಟೆಂಡೋದವಲ್ಲ. ಅದರ ನಕಲುಗಳು. ಹಳದಿ, ಕೆಂಪು ಬಣ್ಣದ 'ಕ್ಯಾಸೆಟ್'ಗಳಲ್ಲಿ 9999 ಆಟಗಳಿವೆ ಎಂದು ಬರೆದಿರುತ್ತಿತ್ತು, ಒಳಗೆ ಕಾಂಟ್ರಾ, ರೋಡ್ ಫೈಟರ್, ಸರ್ಕಸ್ ಚಾರ್ಲಿ, ಬ್ಯಾಟಲ್ ಸಿಟಿ ಬೇರೆ ಬೇರೆ ಹೆಸರಿನಲ್ಲಿ ಮತ್ತೆ ಮತ್ತೆ ಬರುತ್ತಿದ್ದವು. ಭಾರತದ ಟಿವಿ ಪ್ರಸಾರ ಆಗ 'ಪಾಲ್' ಪದ್ಧತಿಯದಾಗಿತ್ತು, ಸೆಕೆಂಡಿಗೆ 50 ಸಲ ಚಿತ್ರ ಬದಲಾಗುತ್ತಿತ್ತು. ಜಪಾನ್, ಅಮೆರಿಕಗಳಲ್ಲಿ 60 ಸಲ. ಪಾಲ್ ಟಿವಿಗಳಿಗೆಂದು ತಯಾರಾದ ನಕಲು ಯಂತ್ರಗಳಲ್ಲಿ ಆಟ ಮೂಲಕ್ಕಿಂತ ಆರನೇ ಒಂದು ಭಾಗದಷ್ಟು ನಿಧಾನವಾಗಿ ನಡೆಯುತ್ತಿತ್ತು, ಸಂಗೀತವೂ ಅದೇ ಲಯಕ್ಕೆ ಇಳಿಯುತ್ತಿತ್ತು. ಅಂಥ ಯಂತ್ರದಲ್ಲಿ ಆಡಿ ಬೆಳೆದವರು ಇಂದು ಎಮ್ಯುಲೇಟರ್ ತೆರೆದಾಗ ಅದು ಅಮೆರಿಕದ ವೇಗದಲ್ಲಿ ಓಡುತ್ತದೆ. ಕಾಂಟ್ರಾ ಇಷ್ಟು ಕಷ್ಟ ಇರಲಿಲ್ಲವಲ್ಲ ಎಂದು ಅವರು ಹೇಳಿದರೆ ಅದನ್ನು ವಯಸ್ಸಿನ ತಲೆಗೆ ಕಟ್ಟಬೇಕಾಗಿಲ್ಲ.

ಇದಕ್ಕೆ ಪರಿಹಾರವೂ ಇದೆ. ಮೆಸೆನ್ ಮತ್ತು 'ಎಫ್‌ಸಿಇಯುಎಕ್ಸ್' ಎಮ್ಯುಲೇಟರ್‌ಗಳಲ್ಲಿ ಪ್ರದೇಶ ಆರಿಸುವ ಕಡೆ ಅಮೆರಿಕ, ಯುರೋಪ್ ಅಲ್ಲದೆ 'ಡೆಂಡಿ' ಎಂಬ ಮೂರನೆಯ ಆಯ್ಕೆ ಕಾಣುತ್ತದೆ. ಡೆಂಡಿ ಎಂಬುದು 1992ರಲ್ಲಿ ರಷ್ಯಾದಲ್ಲಿ ಮಾರಾಟಕ್ಕೆ ಬಂದ ಇಂಥದೇ ನಕಲು ಯಂತ್ರ. ಯುರೋಪಿನ ಅಸಲಿ ನಿಂಟೆಂಡೋದಲ್ಲಿ ಪ್ರೊಸೆಸರನ್ನೂ ನಿಧಾನಗೊಳಿಸಲಾಗಿತ್ತು. ನಕಲು ಚಿಪ್‌ಗಳಲ್ಲಿ ಪ್ರೊಸೆಸರ್ 1.77 ಮೆಗಾಹರ್ಟ್ಸ್, ಅಂದರೆ ಹೆಚ್ಚುಕಡಿಮೆ ಮೂಲ ವೇಗದಲ್ಲೇ ಇದ್ದು ಚಿತ್ರ ಮಾತ್ರ 50ಕ್ಕೆ ಇಳಿದಿತ್ತು. ಬಾಲ್ಯದ ಲಯ ಬೇಕೆನ್ನುವವರು ಡೆಂಡಿ ಆರಿಸಿ ನೋಡಬಹುದು. ಮಾನಿಟರ್ 60 ಹರ್ಟ್ಸ್‌ನಲ್ಲೇ ನಿಂತಿದ್ದರೆ ಚಿತ್ರ ಸಣ್ಣಗೆ ಜರ್ಕ್ ಹೊಡೆಯುತ್ತದೆ. ಡಿಸ್‌ಪ್ಲೇ ಸೆಟ್ಟಿಂಗ್ಸ್‌ನಲ್ಲಿ 50 ಹರ್ಟ್ಸ್ ಇದ್ದರೆ ಅದಕ್ಕೆ ಬದಲಿಸಬೇಕು. ಫ್ರೀಸಿಂಕ್ ಅಥವಾ ಜಿ-ಸಿಂಕ್ ಇರುವ ಮಾನಿಟರ್ ಆಟದ ವೇಗಕ್ಕೆ ತಾನೇ ಹೊಂದಿಕೊಳ್ಳುತ್ತದೆ. ಹೊಸ ಮಾನಿಟರ್ ಕೊಳ್ಳುವವರು 4ಕೆ ಬಗ್ಗೆ ತಲೆ ಕೆಡಿಸಿಕೊಳ್ಳುವ ಮೊದಲು ಇದನ್ನು ವಿಚಾರಿಸುವುದು ಒಳ್ಳೆಯದು.

ಬಾತುಕೋಳಿ ಹೊಡೆಯುವ ಗನ್ ಇಟ್ಟುಕೊಂಡಿರುವವರಿಗೆ ಮಾತ್ರ ಶುಭಸುದ್ದಿ ಇಲ್ಲ. 'ಡಕ್ ಹಂಟ್'ನಲ್ಲಿ ಟ್ರಿಗರ್ ಒತ್ತಿದಾಗ ಪರದೆ ಕ್ಷಣಕಾಲ ಕಪ್ಪಾಗಿ, ಬಾತುಕೋಳಿ ಇದ್ದ ಜಾಗದಲ್ಲಿ ಬಿಳಿ ಚೌಕ ಮಿಂಚುತ್ತದೆ. ಗನ್ನಿನೊಳಗಿನ ಬೆಳಕಿನ ಸಂವೇದಕ ಆ ಬಿಳಿಯನ್ನು ಕಂಡರೆ ಗುರಿ ತಾಗಿದ ಲೆಕ್ಕ. ಈ ವ್ಯವಸ್ಥೆ ನಿಂತಿರುವುದು ಪಿಕ್ಚರ್ ಟ್ಯೂಬ್ ಟಿವಿಯ ಸಮಯಪಾಲನೆಯ ಮೇಲೆ. ಎಲ್‌ಸಿಡಿ ಪರದೆಯ ಮುಂದೆ ಅದು ಕುರುಡು. ಎಮ್ಯುಲೇಟರ್‌ನಲ್ಲಿ ಮೌಸ್ ಹಿಡಿದೇ ಬಾತುಕೋಳಿ ಹೊಡೆಯಬೇಕು.

ಚಿತ್ರ ಹೇಗೆ ಕಾಣಬೇಕೆಂಬುದು ರುಚಿಯ ಪ್ರಶ್ನೆ. ಅಗಲ ಟಿವಿಯ ತುಂಬ ಎಳೆದು ಮಾರಿಯೋನನ್ನು ಡೊಳ್ಳುಹೊಟ್ಟೆಯವನನ್ನಾಗಿ ಮಾಡುವುದು ಮಾತ್ರ ರುಚಿಯಲ್ಲ, 4:3 ಅನುಪಾತ ಇಡಲೇಬೇಕು. ಹಳೆಯ ಟಿವಿಯ ಗೆರೆಗಳು, ಹೊಳಪು ಬೇಕೆನ್ನುವವರಿಗೆ ರೆಟ್ರೋಆರ್ಚ್‌ನಲ್ಲಿ 'ಸಿಆರ್‌ಟಿ-ರಾಯಲ್' ತರಹದ ಶೇಡರ್‌ಗಳಿವೆ. ಇದು ಗ್ರಾಫಿಕ್ಸ್ ಚಿಪ್‌ಗೆ ಭಾರ, ಹಳೆಯ ಇಂಟೆಲ್ ಗ್ರಾಫಿಕ್ಸ್‌ನಲ್ಲಿ 'ಸಿಆರ್‌ಟಿ-ಜಿಯೋಮ್' ಸಾಕು. ಕಂಟ್ರೋಲರ್‌ನಲ್ಲಿ ಗಮನಿಸಬೇಕಾದ್ದು ಕೂಡಿಸು ಚಿಹ್ನೆಯಾಕಾರದ ದಿಕ್ಕಿನ ಬಟನ್. ಹಳೆಯ ಆಟಗಳೆಲ್ಲ ಅದರ ಮೇಲೆಯೇ ನಿಂತಿವೆ. ಓರೆಯಾಗಿ ಒತ್ತಿದಾಗ ತಪ್ಪು ದಿಕ್ಕಿಗೆ ಹೋಗುವ ಅಗ್ಗದ ಪ್ಯಾಡ್‌ಗಿಂತ, ಮನೆಯಲ್ಲಿರುವ ಪ್ಲೇಸ್ಟೇಷನ್ 4ರ ಕಂಟ್ರೋಲರನ್ನು ಯುಎಸ್‌ಬಿ ವೈರಿನಲ್ಲಿ ಜೋಡಿಸುವುದು ಮೇಲು.

ಕಾನೂನಿನ ಮಾತು ಬಿಡುವಂತಿಲ್ಲ. ಎಮ್ಯುಲೇಟರ್ ಬರೆಯುವುದು ತಪ್ಪಲ್ಲ ಎಂಬುದಕ್ಕೆ ಅಮೆರಿಕದಲ್ಲಿ ಸೋನಿ ಮತ್ತು ಕನೆಕ್ಟಿಕ್ಸ್ ನಡುವಿನ ಮೊಕದ್ದಮೆಯಲ್ಲಿ 2000ದಲ್ಲಿ ಬಂದ ಮೇಲ್ಮನವಿ ತೀರ್ಪು ಆಧಾರ. ಆದರೆ ಈಗಲೂ ಮಾರಾಟದಲ್ಲಿರುವ ಆಟಗಳ ವಿಷಯಕ್ಕೆ ಕೈ ಹಾಕಿದರೆ ಕಂಪನಿಗಳು ಸುಮ್ಮನಿರುವುದಿಲ್ಲ. ನಿಂಟೆಂಡೋ ಸ್ವಿಚ್ ಅನುಕರಿಸುತ್ತಿದ್ದ 'ಯುಝು' ತಂಡ 2024ರ ಮಾರ್ಚ್‌ನಲ್ಲಿ 24 ಲಕ್ಷ ಡಾಲರ್ ಕೊಡಲು ಒಪ್ಪಿ ಬಾಗಿಲು ಮುಚ್ಚಿತು. ಭಾರತದಲ್ಲಿ 1957ರ ಹಕ್ಕುಸ್ವಾಮ್ಯ ಕಾಯ್ದೆಯ 52(1)(ಎಎ) ಕಲಂ, ನ್ಯಾಯವಾಗಿ ಪ್ರತಿ ಹೊಂದಿರುವವನು ಹಾಳಾಗುವ ಭಯಕ್ಕೆ ಅದರಿಂದ ಬ್ಯಾಕಪ್ ಮಾಡಿಕೊಳ್ಳಲು ಅವಕಾಶ ಕೊಡುತ್ತದೆ. ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ತಾಂತ್ರಿಕ ಬೀಗ ಮುರಿಯುವುದನ್ನು 2012ರ ತಿದ್ದುಪಡಿಯಲ್ಲಿ ಬಂದ 65ಎ ಕಲಂ ಅಪರಾಧವೆಂದಿದೆ. ಹಳೆಯದು, ಈಗ ಯಾರೂ ಮಾರುತ್ತಿಲ್ಲ ಎಂಬ ಕಾರಣಕ್ಕೆ ಅಂತರ್ಜಾಲದಿಂದ ಆಟ ಇಳಿಸಿಕೊಳ್ಳಲು ಯಾವ ಕಲಮಿನಲ್ಲೂ ವಿನಾಯಿತಿ ಇಲ್ಲ. ಕನ್ಸೋಲಿನ ಒಳಗಿನ ಬಯೋಸ್ ಎಂಬ ತಂತ್ರಾಂಶಕ್ಕೂ ಇದೇ ಮಾತು. ಡಕ್‌ಸ್ಟೇಷನ್, ಪಿಸಿಎಸ್‌ಎಕ್ಸ್2 ಎರಡಕ್ಕೂ ಅದು ಬೇಕು. ಸ್ವಂತ ಪಿಎಸ್2 ಇದ್ದರೆ 'ಬಯೋಸ್‌ಡ್ರೇನ್' ಎಂಬ ಉಪಕರಣದಿಂದ ಪೆನ್‌ಡ್ರೈವ್‌ಗೆ ತೆಗೆದುಕೊಳ್ಳಬಹುದು. ಡಾಲ್ಫಿನ್‌ಗೆ ಬಯೋಸ್ ಬೇಡ. ಆರ್‌ಪಿಸಿಎಸ್3ಗೆ ಬೇಕಾದ ಫರ್ಮ್‌ವೇರನ್ನು ಸೋನಿಯೇ ತನ್ನ ತಾಣದಲ್ಲಿ ಇಟ್ಟಿದೆ. ಹಳೆಯ ಕನ್ಸೋಲಿಗೆ ಈಗಲೂ ಹೊಸ ಆಟ ಬರೆಯುವವರೂ ಇದ್ದಾರೆ. ಜರ್ಮನಿಯ ಮಾರ್ಫ್‌ಕ್ಯಾಟ್ ಗೇಮ್ಸ್ 2019ರಲ್ಲಿ ತಂದ 'ಮೈಕ್ರೋ ಮೇಜಸ್' ಮಾರಿಯೋನಷ್ಟೇ 40 ಕಿಲೋಬೈಟ್‌ನಲ್ಲಿ ನಾಲ್ಕು ಜನ ಆಡುವ ಆಟ. ಅದನ್ನು ಕೊಂಡರೆ ಯಾವ ತಕರಾರೂ ಇಲ್ಲ.

ಸ್ವಂತ ಡಿಸ್ಕ್‌ಗಳಿರುವವರಿಗೆ ಖರೀದಿಪಟ್ಟಿಯಲ್ಲಿ ಇನ್ನೊಂದು ಸಾಮಾನು ಸೇರುತ್ತದೆ. ಈಗಿನ ಕಂಪ್ಯೂಟರುಗಳಲ್ಲಿ ಡಿವಿಡಿ ಡ್ರೈವ್ ಇರುವುದಿಲ್ಲ, ಯುಎಸ್‌ಬಿ ಡ್ರೈವ್ ಒಂದು ಬೇಕು. ಕಚೇರಿಯಿಂದ ಬಂದ ಹಳೆಯ ಡೆಸ್ಕ್‌ಟಾಪ್‌ಗಳಲ್ಲಿ ಎಷ್ಟೋ ಸಲ ಅದು ಇದ್ದೇ ಇರುತ್ತದೆ, ಅದೊಂದು ಉಳಿತಾಯ. ಪಿಎಸ್2 ಡಿವಿಡಿಯನ್ನು ಸಾಧಾರಣ ಐಎಸ್‌ಒ ಕಡತವಾಗಿ ತೆಗೆಯಬಹುದು. ಪ್ಲೇಸ್ಟೇಷನ್ 1ರ ಸಿಡಿಗಳಲ್ಲಿ ಹಾಡುಗಳು ಬೇರೆ ಟ್ರ್ಯಾಕ್‌ಗಳಲ್ಲಿ ಇರಬಹುದಾದ್ದರಿಂದ ಬಿನ್-ಕ್ಯೂ ಮಾದರಿಯಲ್ಲೇ ತೆಗೆಯಬೇಕು, ಇಲ್ಲದಿದ್ದರೆ ಸಂಗೀತವಿಲ್ಲದ ಆಟ ಸಿಗುತ್ತದೆ. ಗೇಮ್‌ಕ್ಯೂಬ್ ಡಿಸ್ಕನ್ನು ಸಾಮಾನ್ಯ ಡ್ರೈವ್ ಓದುವುದಿಲ್ಲ, ಅದಕ್ಕೆ ವೀ ಯಂತ್ರವೇ ಬೇಕು. ಒಂದು ಪಿಎಸ್2 ಆಟ 4.7 ಜಿಬಿವರೆಗೆ, ಎರಡು ಪದರದ ಡಿಸ್ಕ್ ಆದರೆ 8.5 ಜಿಬಿವರೆಗೆ ಜಾಗ ತಿನ್ನುತ್ತದೆ. ಮೇಮ್ ಜೊತೆ ಬರುವ 'ಸಿಎಚ್‌ಡಿಮ್ಯಾನ್' ಬಳಸಿ ಸಿಎಚ್‌ಡಿ ಮಾದರಿಗೆ ಕುಗ್ಗಿಸಿದರೆ ಗುಣಮಟ್ಟ ಕೆಡದೆ ಸಾಕಷ್ಟು ಜಾಗ ಉಳಿಯುತ್ತದೆ, ಡಕ್‌ಸ್ಟೇಷನ್ ಮತ್ತು ಪಿಸಿಎಸ್‌ಎಕ್ಸ್2 ಎರಡೂ ಅದನ್ನು ನೇರವಾಗಿ ಓದುತ್ತವೆ.

ಆಟ ಶುರುವಾದ ಮೇಲೆ ಉಳಿಸಿಕೊಳ್ಳುವ ವಿಧಾನ ಎರಡು. ಎಮ್ಯುಲೇಟರ್‌ನ 'ಸೇವ್ ಸ್ಟೇಟ್' ಯಾವ ಕ್ಷಣದಲ್ಲಿ ಬೇಕಾದರೂ ಆಟವನ್ನು ಹಾಗೇ ಹಿಡಿದಿಡುತ್ತದೆ, ಆದರೆ ಎಮ್ಯುಲೇಟರ್ ಹೊಸ ಆವೃತ್ತಿಗೆ ಏರಿದಾಗ ಹಳೆಯ ಸ್ಟೇಟ್ ತೆರೆಯದೇ ಹೋಗಬಹುದು. ಆಟದೊಳಗಿನ ಮೆಮೊರಿ ಕಾರ್ಡ್‌ಗೆ ಮಾಡಿದ ಸೇವ್‌ಗೆ ಆ ಭಯವಿಲ್ಲ. ಪಿಸಿಎಸ್‌ಎಕ್ಸ್2 ಪಿಎಸ್2ನ ಪೂರ್ತಿ ಮೆಮೊರಿ ಕಾರ್ಡನ್ನು 8 ಮೆಗಾಬೈಟ್ ಆಸುಪಾಸಿನ ಒಂದೇ ಕಡತವಾಗಿ ಇಡುತ್ತದೆ. ಆವೃತ್ತಿ ಬದಲಿಸುವ ಮೊದಲು ಆಟದೊಳಗೇ ಒಮ್ಮೆ ಸೇವ್ ಮಾಡಿ, ಆ ಕಡತವನ್ನು ಪೆನ್‌ಡ್ರೈವ್‌ಗೆ ಹಾಕಿಟ್ಟರೆ ಕಂಪ್ಯೂಟರ್ ಬದಲಾದರೂ ಬಿಟ್ಟ ಹಂತದಿಂದಲೇ ಮುಂದುವರಿಸಬಹುದು.